ಬೈಕಿಗೆ ಎಷ್ಟು ದಪ್ಪದ ಟೈರ್? ಮೊದಲು ರಿಮ್ ನೋಡಿ

ಹಿಂದಿನ ಟೈರ್ ಸವೆದು ನುಣ್ಣಗಾಗಿದೆ. ಬದಲಿಸೋಣ ಅಂತ ಅಂಗಡಿಗೆ ಹೋಗಿದ್ದೀರಿ. ಅಲ್ಲಿಯ ಹುಡುಗ ಬೈಕಿನ ಸುತ್ತ ಒಂದು ಸುತ್ತು ಹಾಕಿ, "ಸರ್, ಹೇಗೂ ಹೊಸದು ಹಾಕಿಸ್ತಿದ್ದೀರಿ, ಒಂದು ಸೈಜ್ ದಪ್ಪದ್ದೇ ಹಾಕಿಬಿಡೋಣ್ವಾ? ಲುಕ್ಕೂ ಬರುತ್ತೆ, ಗ್ರಿಪ್ಪೂ ಬರುತ್ತೆ" ಅಂತಾನೆ. ಆ ಕ್ಷಣದವರೆಗೆ ನೀವು ಟೈರ್ ಸೈಜಿನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಈಗ ಎರಡು ನಿಮಿಷದಲ್ಲಿ ಹೂಂ ಅನ್ನಬೇಕು, ಇಲ್ಲವೇ ಉಹೂಂ ಅನ್ನಬೇಕು.

ನಾನು ಒಮ್ಮೆ ಹೂಂ ಅಂದಿದ್ದೆ. ಟೈರ್ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ತಿರುವಿನಲ್ಲಿ ಬೈಕ್ ಮೊದಲಿನಷ್ಟು ಸಲೀಸಾಗಿ ವಾಲುತ್ತಿರಲಿಲ್ಲ. ಹಿಂದೆ ಯಾರಾದರೂ ಕೂತರೆ ಮಡ್‌ಗಾರ್ಡಿನ ಒಳಗಿಂದ ಕರ್ರ್ ಅಂತ ಸದ್ದು. ಟೈರಿನಲ್ಲಿ ಏನೂ ದೋಷವಿರಲಿಲ್ಲ. ನನ್ನ ಬೈಕಿನ ರಿಮ್ಮಿಗೆ ಅದು ಹೊಂದುತ್ತಿರಲಿಲ್ಲ, ಅಷ್ಟೆ. ಯಾಕೆ ಹೊಂದಲಿಲ್ಲ ಅಂತ ತಿಳಿಯಬೇಕಾದರೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳಿಂದ ಶುರು ಮಾಡಬೇಕು.

ಪಕ್ಕದಲ್ಲಿ ಬರೆದಿರುವುದನ್ನು ಓದುವುದು ಹೇಗೆ

ಒಂದು ಉದಾಹರಣೆ ತೆಗೆದುಕೊಳ್ಳೋಣ: 140/70-17 ಎಂ/ಸಿ 66ಪಿ.

ಮೊದಲ ಅಂಕಿ 140 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಗಾಳಿ ತುಂಬಿದ ಟೈರನ್ನು ಹಿಂದಿನಿಂದ ನೋಡಿದಾಗ ಎಡ ಅಂಚಿನಿಂದ ಬಲ ಅಂಚಿನವರೆಗೆ ಇರುವ ಅಳತೆ ಇದು. ರಸ್ತೆಗೆ ತಾಗುವ ಭಾಗದ ಅಗಲ ಅಂತ ಹಲವರು ತಿಳಿದಿದ್ದಾರೆ, ಅದಲ್ಲ.

ಎರಡನೆಯದು 70. ಇದು ಮಿಲಿಮೀಟರ್ ಅಲ್ಲ, ಶೇಕಡಾ. ಟೈರಿನ ಪಕ್ಕದ ಗೋಡೆಯ ಎತ್ತರ ಅದರ ಅಗಲದ ಶೇಕಡಾ 70ರಷ್ಟು ಇದೆ ಅಂತ ಅರ್ಥ. 140ರ ಶೇಕಡಾ 70 ಅಂದರೆ 98 ಮಿ.ಮೀ.

ಮೂರನೆಯದು 17. ಟೈರ್ ಕೂರುವ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರೂ ಇರುವ ಈ ವಿಚಿತ್ರ ಪದ್ಧತಿ ಯಾರಿಗೂ ಮೊದಲ ಸಲಕ್ಕೆ ಅರ್ಥವಾಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. 17ರ ಹಿಂದೆ ಗೆರೆಯ ಬದಲು 'ಆರ್' ಅಂತ ಇದ್ದರೆ ಅದು ರೇಡಿಯಲ್ ಟೈರ್. ಅದರ ವಿಷಯ ಆಮೇಲೆ.

'ಎಂ/ಸಿ' ಅಂದರೆ ಇದು ಮೋಟಾರ್‌ಸೈಕಲ್ ರಿಮ್ಮಿಗೆ ಮಾತ್ರ ಅನ್ನುವ ಗುರುತು. ಕೊನೆಯ 66 ಭಾರದ ಸಂಕೇತ, 'ಪಿ' ವೇಗದ ಸಂಕೇತ.

ಹಳೆಯ ಬೈಕುಗಳಲ್ಲಿ 2.75-18, 3.25-19 ಅಂತ ಬರೆದಿರುತ್ತದೆ. ಅಲ್ಲಿ ಅಗಲವೂ ಇಂಚಿನಲ್ಲೇ. ಶೇಕಡಾ ಬರೆಯುವುದೇ ಇಲ್ಲ, ಯಾಕೆಂದರೆ ಆ ಕಾಲದ ಟೈರುಗಳಲ್ಲಿ ಎತ್ತರವೂ ಅಗಲವೂ ಹೆಚ್ಚು ಕಡಿಮೆ ಒಂದೇ ಇರುತ್ತಿತ್ತು. ಇಂದಿನ ಲೆಕ್ಕದಲ್ಲಿ 2.75-18ಕ್ಕೆ ಹತ್ತಿರದ್ದು 80/100-18. 3.25-19ಕ್ಕೆ ಹತ್ತಿರದ್ದು 90/90-19.

ಅಗಲ ಹೆಚ್ಚಿದರೂ ಎತ್ತರ ಹಾಗೇ ಇರಬಹುದು

ಈಗ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಲೆಕ್ಕ. ನೆಲದಿಂದ ಟೈರಿನ ತುದಿಯವರೆಗಿನ ಪೂರ್ತಿ ವ್ಯಾಸ ಎಷ್ಟು?

ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ. ಅದಕ್ಕೆ ಪಕ್ಕದ ಗೋಡೆಯ ಎತ್ತರವನ್ನು ಎರಡು ಸಲ ಕೂಡಿಸಿ. ಎರಡು ಸಲ ಯಾಕೆಂದರೆ ಗೋಡೆ ಮೇಲೂ ಇದೆ, ಕೆಳಗೂ ಇದೆ. 17 ಇಂಚು ಅಂದರೆ 431.8 ಮಿ.ಮೀ. 140/70ಕ್ಕೆ ಗೋಡೆ 98. ಎರಡು ಸಲ ಅಂದರೆ 196. ಒಟ್ಟು 627.8 ಮಿ.ಮೀ. ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ಟೈರ್ ಕಂಪನಿಯಿಂದ ಕಂಪನಿಗೆ ಕೆಲವು ಮಿಲಿಮೀಟರ್ ಹೆಚ್ಚು ಕಡಿಮೆ ಇರುತ್ತದೆ. ಹೋಲಿಸಿ ನೋಡುವುದಕ್ಕೆ ಇಷ್ಟು ಸಾಕು.

ಇದೇ ಲೆಕ್ಕವನ್ನು 100/90-17ಕ್ಕೆ ಹಾಕಿ: ಗೋಡೆ 90, ಒಟ್ಟು 611.8. ಆಮೇಲೆ 130/70-17ಕ್ಕೆ ಹಾಕಿ: ಗೋಡೆ 91, ಒಟ್ಟು 613.8. ಗಮನಿಸಿದಿರಾ? ಅಗಲ 30 ಮಿ.ಮೀ. ಜಾಸ್ತಿಯಾಯಿತು, ಎತ್ತರ ಬದಲಾಗಿದ್ದು ಬರೀ 2 ಮಿ.ಮೀ. 150/60-17 ತೆಗೆದುಕೊಂಡರೆ ಮತ್ತೆ 611.8, ಅಂದರೆ 100/90ರಷ್ಟೇ.

ಅಂದರೆ ಮೊದಲ ಅಂಕಿ ಏರಿದಾಗ ಎರಡನೆಯ ಅಂಕಿ ಇಳಿದರೆ ಎತ್ತರ ಉಳಿದುಕೊಳ್ಳುತ್ತದೆ. ಮೊದಲನೆಯದನ್ನು ಮಾತ್ರ ಏರಿಸಿ ಎರಡನೆಯದನ್ನು ಹಾಗೇ ಬಿಟ್ಟರೆ ಟೈರ್ ದಪ್ಪವೂ ಆಗುತ್ತದೆ, ಎತ್ತರವೂ ಆಗುತ್ತದೆ. 130/70ರಿಂದ 140/70ಕ್ಕೆ ಹೋದಾಗ ಆಗುವುದು ಇದೇ: ವ್ಯಾಸದಲ್ಲಿ 14 ಮಿ.ಮೀ. ಏರಿಕೆ. "ಒಂದೇ ಒಂದು ಸೈಜ್ ದೊಡ್ಡದು" ಅನ್ನುವ ಮಾತಿನಲ್ಲಿ ಈ ಎರಡನೆಯ ಬದಲಾವಣೆ ಬಚ್ಚಿಟ್ಟುಕೊಂಡಿರುತ್ತದೆ.

ಯಾರೂ ಕೇಳದ ಅಳತೆ: ರಿಮ್ಮಿನ ಅಗಲ

ಹಾಗಾದರೆ 100/90 ತೆಗೆದು 130/70 ಹಾಕಿದರೆ ಆಯಿತಲ್ಲ, ಎತ್ತರ ಒಂದೇ ಅಲ್ವಾ? ಎತ್ತರದ ಮಟ್ಟಿಗೆ ಹೌದು. ಸಿಕ್ಕಿಹಾಕಿಕೊಳ್ಳುವುದು ರಿಮ್ಮಿನಲ್ಲಿ.

ರಿಮ್ಮಿಗೂ ಎರಡು ಅಳತೆ ಇವೆ. ವ್ಯಾಸ ಎಲ್ಲರಿಗೂ ಗೊತ್ತು. ಅಗಲ ಅನ್ನುವುದು ಟೈರಿನ ಎರಡು ಅಂಚುಗಳು ಕೂರುವ ಜಾಗಗಳ ನಡುವಿನ ಅಂತರ. ಸಾಮಾನ್ಯವಾಗಿ ಇದು ರಿಮ್ಮಿನ ಮೇಲೇ ಅಚ್ಚಾಗಿರುತ್ತದೆ: '17 x ಎಂಟಿ 3.50' ಅಂತ ಇದ್ದರೆ 17 ಇಂಚು ವ್ಯಾಸ, 3.50 ಇಂಚು ಅಗಲ ('ಎಂಟಿ' ರಿಮ್ಮಿನ ಆಕಾರದ ಗುರುತು). ಟೇಪು ಹಿಡಿದು ಅಳೆಯುವುದಾದರೆ ರಿಮ್ಮಿನ ಅಂಚಿನ ಒಳಗೋಡೆಯಿಂದ ಒಳಗೋಡೆಗೆ ಅಳೆಯಬೇಕು. ಹೊರಗಿನಿಂದ ಹೊರಕ್ಕೆ ಅಳೆದರೆ ಇಲ್ಲದ ಅಗಲ ಇದೆ ಅಂತ ಕಾಣುತ್ತದೆ.

ಪ್ರತಿ ಟೈರಿಗೂ ಇಷ್ಟರಿಂದ ಇಷ್ಟು ಅಗಲದ ರಿಮ್ಮಿನಲ್ಲಿ ಹಾಕಬಹುದು ಅಂತ ತಯಾರಕರು ಪಟ್ಟಿ ಕೊಡುತ್ತಾರೆ. ಸಾಮಾನ್ಯವಾಗಿ ಕಾಣುವ ಜೋಡಿಗಳು ಇವು: 120/70ಕ್ಕೆ 3.50 ಇಂಚು, 140/70ಕ್ಕೆ 4.00, 160/60ಕ್ಕೆ 4.50, 180/55ಕ್ಕೆ 5.50. ಮಿಲಿಮೀಟರಿಗೆ ತಿರುಗಿಸಿ ನೋಡಿದರೆ ರಿಮ್ಮಿನ ಅಗಲ ಟೈರಿನ ಅಗಲದ ಶೇಕಡಾ 70ರಿಂದ 80ರ ನಡುವೆ ಬೀಳುತ್ತದೆ. 100/90ರಂಥ ಗೋಡೆ ಎತ್ತರದ ಟೈರುಗಳಿಗೆ ಇನ್ನೂ ಕಿರಿದಾದ ರಿಮ್ ಸಾಕು, ಶೇಕಡಾ 60ರಿಂದ 70ರ ಆಸುಪಾಸು. ಇದು ಅಂದಾಜು ಮಾತ್ರ, ಕೊನೆಯ ಮಾತು ತಯಾರಕರ ಪಟ್ಟಿಯದು.

ರಿಮ್ ಕಿರಿದಾಗಿದ್ದು ಟೈರ್ ದಪ್ಪವಾದರೆ? ದೊಡ್ಡ ದಿಂಬನ್ನು ಸಣ್ಣ ಕವರಿಗೆ ತುರುಕಿದ ಹಾಗೆ. ಅಂಚುಗಳು ಒಳಕ್ಕೆ ಜಗ್ಗಿ, ನಡುಭಾಗ ಉಬ್ಬಿ ಮೇಲೇಳುತ್ತದೆ. ದುಂಡಗಿರಬೇಕಿದ್ದ ಟೈರ್ ಚೂಪಾಗುತ್ತದೆ. ನೇರ ಹೋಗುವಾಗ ನಡುವಿನ ಪಟ್ಟಿ ಮಾತ್ರ ರಸ್ತೆಗೆ ತಾಗಿ ಬೇಗ ಸವೆಯುತ್ತದೆ. ಅಂಚಿನ ರಬ್ಬರು ಎಷ್ಟು ವಾಲಿಸಿದರೂ ರಸ್ತೆ ಮುಟ್ಟದೆ ಹೊಸದಾಗಿಯೇ ಉಳಿಯುತ್ತದೆ. ಗೋಡೆಗಳಿಗೆ ಆಸರೆ ಸಾಲದೆ ತಿರುವಿನಲ್ಲಿ ಹಿಂಭಾಗ ಅಲುಗಿದ ಹಾಗೆ ಅನ್ನಿಸುತ್ತದೆ. ತಮಾಷೆ ಅಂದರೆ, ಹೀಗೆ ಹಿಂಡಿದಾಗ ಟೈರಿನ ಅಗಲವೂ ಸ್ವಲ್ಪ ಕಡಿಮೆಯಾಗುತ್ತದೆ. ದುಡ್ಡು ಕೊಟ್ಟಿದ್ದು 130ಕ್ಕೆ, ಸಿಕ್ಕಿದ್ದು ಅಷ್ಟಿಲ್ಲ.

ತಿರುಗಾ ಮುರುಗಾ ಮಾಡಿ, ಅಗಲ ರಿಮ್ಮಿಗೆ ಸಣ್ಣ ಟೈರ್ ಹಾಕಿದರೆ ಗೋಡೆಗಳು ಹೊರಕ್ಕೆ ಹಿಗ್ಗಿ ಟೈರಿನ ತಲೆ ಚಪ್ಪಟೆಯಾಗುತ್ತದೆ. ಬೈಕ್ ಮೊದಲು ವಾಲಲು ಹಟ ಮಾಡುತ್ತದೆ, ಒಂದು ಹಂತ ದಾಟಿದ ಮೇಲೆ ದಬಕ್ಕನೆ ವಾಲುತ್ತದೆ. ರಿಮ್ಮಿನ ಅಂಚು ಕಲ್ಲಿಗೆ, ಗುಂಡಿಗೆ ಬಡಿಯುವ ಸಾಧ್ಯತೆಯೂ ಜಾಸ್ತಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ. ಹಾಸಿಗೆ ಅಂದರೆ ರಿಮ್.

ದಪ್ಪ ಟೈರ್ ಅಂದರೆ ಹೆಚ್ಚು ಗ್ರಿಪ್ಪಾ?

ಅಂಗಡಿಯ ಹುಡುಗನ ಮಾತಿನಲ್ಲಿ ಎರಡನೆಯ ಅರ್ಧ ಇದು. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಯಾವುದೇ ಕ್ಷಣದಲ್ಲಿ ಟೈರಿನ ಒಂದು ಸಣ್ಣ ತುಂಡು ಮಾತ್ರ ರಸ್ತೆಯನ್ನು ಮುಟ್ಟಿರುತ್ತದೆ. ಎಷ್ಟು ಸಣ್ಣದು? ಒಂದು ಚಕ್ರದ ಮೇಲೆ 100 ಕೆಜಿ ಭಾರ ಇದೆ, ಒಳಗೆ 28 ಪಿಎಸ್‌ಐ ಗಾಳಿ ಇದೆ ಅನ್ನಿ. 28 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2 ಕೆಜಿ. 100 ಕೆಜಿ ಹೊರಲು ಸುಮಾರು 50 ಚದರ ಸೆಂಟಿಮೀಟರ್ ಬೇಕು. ಎಟಿಎಂ ಕಾರ್ಡಿಗಿಂತ ತುಸು ದೊಡ್ಡದು, ಅಷ್ಟೇ. ರಬ್ಬರು ಎಷ್ಟು ಗಡುಸು ಅನ್ನುವುದರ ಮೇಲೆ ಈ ಲೆಕ್ಕ ಸ್ವಲ್ಪ ಅತ್ತಿತ್ತ ಆಗುತ್ತದೆ. ಆದರೆ ಲೆಕ್ಕದೊಳಗೆ ಟೈರಿನ ಅಗಲ ಎಲ್ಲೂ ಬರಲಿಲ್ಲ ನೋಡಿ. ಭಾರ ಮತ್ತು ಗಾಳಿ ಮಾತ್ರ ಬಂದವು. ದಪ್ಪ ಟೈರ್ ಹಾಕಿದರೆ ಆ ಕಾರ್ಡು ದೊಡ್ಡದಾಗುವುದಕ್ಕಿಂತ ಹೆಚ್ಚಾಗಿ ಅಡ್ಡಕ್ಕೆ ತಿರುಗುತ್ತದೆ: ಅಗಲ ಹೆಚ್ಚು, ಉದ್ದ ಕಡಿಮೆ.

ಹಾಗಾದರೆ ದೊಡ್ಡ ಬೈಕುಗಳಿಗೆ ದಪ್ಪ ಟೈರ್ ಯಾಕೆ? ಅಲ್ಲಿ ಇಂಜಿನ್ ಶಕ್ತಿ ಜಾಸ್ತಿ. ತಿರುವಿನಲ್ಲಿ ವಾಲಿದ್ದಾಗಲೇ ಆಕ್ಸಿಲರೇಟರ್ ತಿರುಗಿಸಿದರೆ ರಬ್ಬರು ಬಿಸಿಯಾಗುತ್ತದೆ, ಸವೆಯುತ್ತದೆ. ರಬ್ಬರಿನ ಪ್ರಮಾಣ ಹೆಚ್ಚಿದ್ದರೆ ಆ ಬಿಸಿಯೂ ಸವೆತವೂ ಹಂಚಿಕೊಳ್ಳುತ್ತವೆ. ಮೆದು ರಬ್ಬರು ಬಳಸಲು ಅವಕಾಶ ಸಿಗುತ್ತದೆ. ಹೆಚ್ಚಿನ ಗ್ರಿಪ್ ಬರುವುದು ಆ ಮೆದು ರಬ್ಬರಿನಿಂದ. ಸಾಧಾರಣ ಶಕ್ತಿಯ ಬೈಕಿಗೆ ಈ ಸಮಸ್ಯೆಯೇ ಇಲ್ಲ, ಇಲ್ಲದ ಕಾಯಿಲೆಗೆ ಮದ್ದು ಯಾಕೆ? ಗ್ರಿಪ್ ಬೇಕಿದ್ದರೆ ಅದೇ ಸೈಜಿನಲ್ಲಿ ಒಳ್ಳೆಯ ರಬ್ಬರಿನ ಟೈರ್ ತಗೊಳ್ಳುವುದು ನನ್ನ ಲೆಕ್ಕದಲ್ಲಿ ಜಾಣತನ.

ದಪ್ಪಗಾದದ್ದಕ್ಕೆ ಬೆಲೆಯೂ ಇದೆ. ಬೈಕ್ ವಾಲಿದಾಗ ಟೈರ್ ರಸ್ತೆಯನ್ನು ಮುಟ್ಟುವ ಜಾಗ ನಡುವಿನಿಂದ ಪಕ್ಕಕ್ಕೆ, ಅಂದರೆ ತಿರುವಿನ ಒಳಬದಿಗೆ ಸರಿಯುತ್ತದೆ. ಟೈರ್ ದಪ್ಪವಾದಷ್ಟೂ ಇನ್ನಷ್ಟು ದೂರ ಸರಿಯುತ್ತದೆ. ಅದನ್ನು ಸರಿದೂಗಿಸಲು ಅದೇ ತಿರುವಿಗೆ, ಅದೇ ವೇಗಕ್ಕೆ ಬೈಕನ್ನು ಮೊದಲಿಗಿಂತ ಜಾಸ್ತಿ ವಾಲಿಸಬೇಕಾಗುತ್ತದೆ. ಜೊತೆಗೆ ದಪ್ಪ ಟೈರ್ ಭಾರ. ತಿರುಗುವ ಚಕ್ರದ ಹೊರ ಅಂಚಿನಲ್ಲಿ ಸೇರಿದ ಭಾರ ಪಿಕಪ್ಪನ್ನೂ ಮೈಲೇಜನ್ನೂ ತಿನ್ನುತ್ತದೆ. ಡುಕಾಟಿ ಡಿಯಾವೆಲ್ ಬೈಕಿನ ಹಿಂದಿನ ಟೈರ್ 240/45-17. ಅಷ್ಟು ದಪ್ಪ ಟೈರ್ ಇಟ್ಟುಕೊಂಡೂ ಅದು ಸರಾಗವಾಗಿ ತಿರುಗುತ್ತದೆ ಅಂದರೆ, ಇಡೀ ಬೈಕನ್ನೂ ಆ ಟೈರಿನ ಆಕಾರವನ್ನೂ ಒಂದಕ್ಕೊಂದು ಹೊಂದುವ ಹಾಗೆ ಮಾಡಿದ್ದಾರೆ ಅಂತ. ಟೈರೊಂದನ್ನೇ ತಂದು ಬೇರೆ ಬೈಕಿಗೆ ಹಾಕಿದರೆ ಆ ಗುಣ ಅದರ ಜೊತೆ ಬರುವುದಿಲ್ಲ.

17, 18, 19, 21: ಚಕ್ರದ ವ್ಯಾಸ ಏನು ಹೇಳುತ್ತದೆ

ಸೂಟ್‌ಕೇಸಿನ ಪುಟ್ಟ ಚಕ್ರ ಸಣ್ಣ ಕಲ್ಲಿಗೂ ಸಿಕ್ಕಿ ನಿಲ್ಲುತ್ತದೆ. ಸೈಕಲ್ಲಿನ ಚಕ್ರ ಅದೇ ಕಲ್ಲನ್ನು ಗಮನಕ್ಕೂ ಬಾರದಂತೆ ಹತ್ತಿಳಿಯುತ್ತದೆ. ಚಕ್ರ ದೊಡ್ಡದಾದಷ್ಟೂ ಅಡ್ಡಿಯನ್ನು ಓರೆಯಾಗಿ ಹತ್ತುತ್ತದೆ, ಚಿಕ್ಕದಾದಷ್ಟೂ ನೇರ ಡಿಕ್ಕಿ ಹೊಡೆಯುತ್ತದೆ. ಗುಂಡಿಯ ವಿಷಯದಲ್ಲೂ ಹೀಗೇ, ದೊಡ್ಡ ಚಕ್ರ ಗುಂಡಿಯೊಳಗೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಅದಕ್ಕೇ ಕಚ್ಚಾದಾರಿಗೆ ಮಾಡಿದ ಬೈಕುಗಳ ಮುಂದಿನ ಚಕ್ರ 21 ಇಂಚು. ಹಿಂದೆ 18 ಅಥವಾ 19. ಹೀರೋ ಎಕ್ಸ್‌ಪಲ್ಸ್ 200ರಲ್ಲಿ ಮುಂದೆ 21, ಹಿಂದೆ 18. ಡಾಂಬರನ್ನೂ ಮಣ್ಣನ್ನೂ ಎರಡನ್ನೂ ತುಳಿಯುವ ಬಿಎಂಡಬ್ಲ್ಯು ಆರ್ 1250 ಜಿಎಸ್‌ನಲ್ಲಿ ಮುಂದೆ 19, ಹಿಂದೆ 17. ಬರೀ ಡಾಂಬರಿಗೆ ಅಂತ ಇರುವ ಸ್ಪೋರ್ಟ್ಸ್ ಬೈಕುಗಳಲ್ಲಿ ಎರಡೂ 17.

ದೊಡ್ಡ ಚಕ್ರವೇ ಒಳ್ಳೆಯದು ಅನ್ನುವುದಾದರೆ ಎಲ್ಲರೂ ಅದನ್ನೇ ಹಾಕಬಹುದಿತ್ತಲ್ಲ? ತಿರುಗುವ ಚಕ್ರಕ್ಕೆ ತಾನಿದ್ದ ದಿಕ್ಕಿನಲ್ಲೇ ಇರುವ ಹಟ ಇರುತ್ತದೆ. ಚಕ್ರ ದೊಡ್ಡದಾಗಿ ಭಾರ ಹೊರಕ್ಕೆ ಸರಿದಷ್ಟೂ ಈ ಹಟ ಜಾಸ್ತಿ. ನೇರ ದಾರಿಯಲ್ಲಿ ಅದು ನೆಮ್ಮದಿ, ತಿರುವಿನಿಂದ ತಿರುವಿಗೆ ಬೇಗ ವಾಲಿಸಬೇಕಾದಾಗ ಕಿರಿಕಿರಿ. 1980ರ ದಶಕದಲ್ಲಿ ಬೇಗ ತಿರುಗಲಿ ಅಂತ ಮುಂದೆ 16 ಇಂಚಿನ ಚಕ್ರ ಹಾಕುವ ಅಲೆಯೇ ಎದ್ದಿತ್ತು. 1984ರ ಕಾವಾಸಾಕಿ ಜಿಪಿಝಡ್ 900 ಆರ್ ಅಂಥದ್ದೊಂದು. ಆಮೇಲೆ ರಸ್ತೆ ಬೈಕುಗಳು 17ಕ್ಕೆ ಬಂದು ನೆಲೆಯಾದವು. ಮೋಟೋಜಿಪಿ ರೇಸುಗಳಲ್ಲಿ 2015ರವರೆಗೂ 16.5 ಇಂಚಿನ ಚಕ್ರ ಇತ್ತು, 2016ರಲ್ಲಿ ಮಿಶೆಲಿನ್ ಟೈರುಗಳು ಬಂದಾಗ ಅಲ್ಲೂ 17 ಆಯಿತು.

17 ಇಂಚಿಗೆ ಇನ್ನೊಂದು ಲಾಭವೂ ಇದೆ. ಹೆಚ್ಚಿನ ತಯಾರಕರು ಒಳ್ಳೆಯ ರಸ್ತೆ ಟೈರುಗಳನ್ನು ಮೊದಲು ಈ ಅಳತೆಯಲ್ಲೇ ತರುತ್ತಾರೆ. ರಿಮ್ ಬದಲಿಸುವ ಯೋಚನೆ ಇರುವವರು ಬೇಕಾದ ಟೈರ್ ಆ ಅಳತೆಯಲ್ಲಿ ಸಿಗುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಬೇಕು. ರಿಮ್ ತಂದಿಟ್ಟು ಆಮೇಲೆ ಟೈರ್ ಹುಡುಕುವ ಪಾಡು ಬೇಡ.

ಎತ್ತರ ಬದಲಾದರೆ ಏನೇನು ಬದಲಾಗುತ್ತದೆ

ಟೈರಿನ ಎತ್ತರಕ್ಕೆ ಬೈಕಿನ ಬಹಳಷ್ಟು ಲೆಕ್ಕಗಳು ಗಂಟು ಹಾಕಿಕೊಂಡಿವೆ. ಮೊದಲು ಹ್ಯಾಂಡಲ್ ತಿರುಗುವ ಗುಣ.

ಆಫೀಸಿನ ಗಾಲಿ ಕುರ್ಚಿಯನ್ನು ತಳ್ಳಿ ನೋಡಿ. ಅದರ ಪುಟ್ಟ ಚಕ್ರಗಳು ತಾವೇ ತಿರುಗಿ ನೀವು ತಳ್ಳಿದ ದಿಕ್ಕಿಗೆ ಸರಿಹೋಗುತ್ತವೆ. ಯಾಕೆಂದರೆ ಚಕ್ರ ನೆಲವನ್ನು ಮುಟ್ಟುವ ಜಾಗ, ಅದು ತಿರುಗುವ ಕೀಲಿಗಿಂತ ಹಿಂದಿದೆ. ಬೈಕಿನ ಮುಂದಿನ ಚಕ್ರವೂ ಹೀಗೆಯೇ. ಹ್ಯಾಂಡಲ್ ತಿರುಗುವ ಓರೆ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಈ ಎರಡರ ನಡುವಿನ ಅಂತರಕ್ಕೆ ಟ್ರೇಲ್ ಅನ್ನುತ್ತಾರೆ. ಟ್ರೇಲ್ ಜಾಸ್ತಿಯಾದರೆ ಬೈಕ್ ನೆಟ್ಟಗೆ ಹೋಗಲು ಇಷ್ಟಪಡುತ್ತದೆ. ಕಡಿಮೆಯಾದರೆ ಚುರುಕಾಗುತ್ತದೆ, ತೀರಾ ಕಡಿಮೆಯಾದರೆ ಹ್ಯಾಂಡಲ್ ನಡುಗಲೂಬಹುದು.

ಮುಂದಿನ ಚಕ್ರ ದೊಡ್ಡದಾದರೆ ಟ್ರೇಲ್ ಹೆಚ್ಚುತ್ತದೆ. ಹಿಂದಿನ ಟೈರ್ ಎತ್ತರವಾದರೆ ಬೈಕಿನ ಬೆನ್ನು ಎದ್ದು, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ತುಸು ನೆಟ್ಟಗಾಗಿ, ಟ್ರೇಲ್ ಕಡಿಮೆಯಾಗುತ್ತದೆ. 130/70ರಿಂದ 140/70ಕ್ಕೆ ಹೋದಾಗ ವ್ಯಾಸ 14 ಮಿ.ಮೀ. ಹೆಚ್ಚಿತಲ್ಲ, ಹಿಂದಿನ ಆಕ್ಸಲ್ ಅದರ ಅರ್ಧ, ಅಂದರೆ 7 ಮಿ.ಮೀ. ಮೇಲೇರುತ್ತದೆ. ಸಣ್ಣದು ಅನ್ನಿಸಬಹುದು. ರೇಸಿನ ಮೆಕ್ಯಾನಿಕ್‌ಗಳು ಇದಕ್ಕಿಂತ ಸಣ್ಣ ಬದಲಾವಣೆಗಾಗಿ ಫೋರ್ಕನ್ನು ಏರಿಸಿ ಇಳಿಸಿ ಗಂಟೆಗಟ್ಟಲೆ ಕೂರುತ್ತಾರೆ.

ಮುಂದಿನ 21 ಇಂಚು ತೆಗೆದು 19 ಹಾಕುವವರ ಲೆಕ್ಕ ನೋಡಿ. 90/90-21ರ ವ್ಯಾಸ 695.4, 100/90-19ರದ್ದು 662.6. ಬೈಕಿನ ಮೂಗು ಸುಮಾರು 16 ಮಿ.ಮೀ. ಕೆಳಗಿಳಿಯುತ್ತದೆ. ಡಾಂಬರಿನ ಮೇಲೆ ಚುರುಕು ಬರುತ್ತದೆ, ಕಲ್ಲುಬಂಡೆಯ ಮೇಲೆ ಇದ್ದ ಸಲೀಸು ಹೋಗುತ್ತದೆ. ಮಡ್‌ಗಾರ್ಡ್, ಡಿಸ್ಕಿನ ಜಾಗ, ಆಕ್ಸಲ್ಲಿನ ಬೇರಿಂಗ್ ಎಲ್ಲ ಹೊಂದಿಸಿಕೊಳ್ಳಬೇಕು.

ಸ್ಪೀಡೋಮೀಟರಿನದ್ದು ಸರಳ ವಿಷಯ. ಅದು ಯಾವ ಚಕ್ರದಿಂದ, ಅಥವಾ ಗೇರ್‌ಬಾಕ್ಸಿನಿಂದ, ಸುತ್ತು ಎಣಿಸುತ್ತದೆಯೋ ಅದರ ಮೇಲೆ ಹೋಗುತ್ತದೆ. ಹಿಂದಿನ ಚಕ್ರದಿಂದ ಎಣಿಸುವ ಬೈಕಿನಲ್ಲಿ ಟೈರ್ ಶೇಕಡಾ 2.3ರಷ್ಟು ಎತ್ತರವಾದರೆ, ಮೀಟರ್ ಮೊದಲು ಎಷ್ಟು ಸರಿಯಿತ್ತೋ ಅದಕ್ಕಿಂತ ಅಷ್ಟು ಕಡಿಮೆ ತೋರಿಸುತ್ತದೆ. ಸರಿಯಾಗಿದ್ದ ಮೀಟರ್ 60 ತೋರಿಸುವಾಗ ನೀವು 61.4ರಲ್ಲಿರುತ್ತೀರಿ. ಮೀಟರುಗಳು ಸಾಮಾನ್ಯವಾಗಿ ಇರುವ ವೇಗಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುವುದರಿಂದ ಇಷ್ಟು ವ್ಯತ್ಯಾಸ ಮುಳುಗಿ ಹೋಗುತ್ತದೆ. ಗೇರಿನ ಗುಣವೂ ಇಷ್ಟೇ ಬದಲಾಗುತ್ತದೆ: ಚೈನ್ ಸುತ್ತುವ ಹಿಂದಿನ ಹಲ್ಲುಚಕ್ರದಲ್ಲಿ (ಸ್ಪ್ರಾಕೆಟ್) ಒಂದು ಹಲ್ಲು ಕಡಿಮೆ ಮಾಡಿದ ಹಾಗೆ, ಪಿಕಪ್ ತುಸು ಮಂಕು.

ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇದ್ದರೆ ಎಚ್ಚರ ಬೇಕು. ಅದು ಮುಂದಿನ, ಹಿಂದಿನ ಚಕ್ರಗಳು ಎಷ್ಟು ವೇಗದಲ್ಲಿ ತಿರುಗುತ್ತಿವೆ ಅಂತ ನೋಡುತ್ತಾ ಯಾವುದು ಜಾರುತ್ತಿದೆ ಅಂತ ತೀರ್ಮಾನಿಸುತ್ತದೆ. ಒಂದು ಟೈರಿನ ಎತ್ತರ ಮಾತ್ರ ಬದಲಾದರೆ ಜಾರದೇ ಇದ್ದಾಗಲೂ ಎರಡರ ಸುತ್ತು ತಾಳೆಯಾಗುವುದಿಲ್ಲ. ಆಕ್ಸಿಲರೇಟರ್ ಕೊಟ್ಟಾಗ ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಬೈಕುಗಳಲ್ಲಂತೂ ಇದು ಇನ್ನೂ ಸೂಕ್ಷ್ಮ. ಎತ್ತರದ ವ್ಯತ್ಯಾಸ ಶೇಕಡಾ 2ರೊಳಗೆ ಇರಲಿ ಅನ್ನುವುದು ನಾನು ಇಟ್ಟುಕೊಂಡಿರುವ ಮಿತಿ.

ಸುತ್ತಲೂ ಜಾಗ ಇದೆಯಾ

ಟೈರ್ ಹೊಸದಾಗಿ ಕೂತಾಗ ಎಲ್ಲೂ ತಾಗದಿದ್ದರೆ ಸಾಲದು. ವೇಗದಲ್ಲಿ ತಿರುಗುವಾಗ ಟೈರ್ ತುಸು ಹಿಗ್ಗುತ್ತದೆ. ಗುಂಡಿಗೆ ಬಿದ್ದಾಗ ಚಕ್ರ ಮೇಲೆದ್ದು ಮಡ್‌ಗಾರ್ಡಿನ ಒಳಗೆ ನುಗ್ಗುತ್ತದೆ. ನನಗೆ ಕೇಳಿಸಿದ ಕರ್ರ್ ಸದ್ದು ಅದೇ. ಟೈರಿಗೆ ಮೆತ್ತಿಕೊಂಡ ಕೆಸರಿಗೂ ಜಾಗ ಬೇಕು.

ಎಲ್ಲಕ್ಕಿಂತ ಇಕ್ಕಟ್ಟು ಇರುವುದು ಚೈನಿನ ಬದಿ. ಟೈರ್ ಅಗಲವಾದರೆ ಚೈನಿಗೆ ಹತ್ತಿರವಾಗುತ್ತದೆ. ಇನ್ನೊಂದು ಬದಿಯಲ್ಲಿ ಸ್ವಿಂಗ್‌ಆರ್ಮ್, ಅಂದರೆ ಹಿಂದಿನ ಚಕ್ರವನ್ನು ಹಿಡಿದಿರುವ ತೋಳು. ಹೊಸ ಚೈನ್ ಹಾಕಿದಾಗ ಹಿಂದಿನ ಚಕ್ರ ಮುಂದಕ್ಕೆ ಸರಿದು ಸ್ವಿಂಗ್‌ಆರ್ಮಿನ ಇಕ್ಕಟ್ಟಾದ ಭಾಗಕ್ಕೆ ಬರುತ್ತದೆ ಅನ್ನುವುದು ಹಲವರಿಗೆ ಹೊಳೆಯುವುದಿಲ್ಲ. ಹಳೆಯ, ಜಗ್ಗಿದ ಚೈನಿನಲ್ಲಿ ಸರಿಯಾಗಿ ತಿರುಗುತ್ತಿದ್ದ ದಪ್ಪ ಟೈರ್ ಚೈನ್ ಬದಲಿಸಿದ ದಿನ ಉಜ್ಜಲು ಶುರು ಮಾಡಬಹುದು.

ಭಾರ, ವೇಗ, ಒಳಗಿನ ಹೆಣಿಗೆ

66ಪಿ ಅಂತ ನೋಡಿದೆವಲ್ಲ. 66 ಅಂದರೆ ಆ ಟೈರ್ ಹೊರಬಲ್ಲ ಭಾರ 300 ಕೆಜಿ. 52 ಅಂದರೆ 200 ಕೆಜಿ, 55 ಅಂದರೆ 218, 62 ಅಂದರೆ 265. ಪಿ ಅಂದರೆ ಗಂಟೆಗೆ 150 ಕಿ.ಮೀ.ವರೆಗಿನ ವೇಗ. ಎಸ್ ಅಂದರೆ 180, ಎಚ್ ಅಂದರೆ 210, ವಿ ಅಂದರೆ 240. ಬೈಕ್ ತಯಾರಕರು ಹೇಳಿದ್ದಕ್ಕಿಂತ ಹೆಚ್ಚಿನದನ್ನು ಹಾಕಬಹುದು, ಕಡಿಮೆಯದನ್ನು ಹಾಕಬಾರದು. ನೀವು ಆ ವೇಗದಲ್ಲಿ ಹೋಗುವುದೇ ಇಲ್ಲ ಅಂದರೂ ಹಾಕಬಾರದು.

ಟೈರಿನೊಳಗೆ ರಬ್ಬರಿನ ಅಡಿಯಲ್ಲಿ ನೂಲಿನ ಪದರಗಳಿರುತ್ತವೆ. ಅವು ಓರೆಯಾಗಿ ಒಂದರ ಮೇಲೊಂದು ಹಾದುಹೋಗಿದ್ದರೆ ಅದು ಬಯಾಸ್ ಟೈರ್. ಗೋಡೆ ಗಡುಸು, ಭಾರ ಹೊರಲು ಗಟ್ಟಿ, ಕಲ್ಲುದಾರಿಗೆ ತಾಳುತ್ತದೆ. ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗಿ, ಅದರ ಮೇಲೆ ಸುತ್ತಲೂ ಪಟ್ಟಿ ಬಿಗಿದಿದ್ದರೆ ರೇಡಿಯಲ್. ಬಿಸಿ ಕಡಿಮೆ, ವೇಗದಲ್ಲಿ ಆಕಾರ ಕೆಡುವುದು ಕಡಿಮೆ. ಮುಂದೊಂದು ಜಾತಿ, ಹಿಂದೊಂದು ಜಾತಿ ಹಾಕುವುದು ತಯಾರಕರು ಒಪ್ಪಿದ್ದರೆ ಮಾತ್ರ.

ಕಡ್ಡಿ ಚಕ್ರ ಇರುವವರಿಗೆ ಒಂದು ಮಾತು. ಸಾಮಾನ್ಯ ಕಡ್ಡಿ ರಿಮ್ಮಿನಲ್ಲಿ ಕಡ್ಡಿಗಳ ತುದಿ ರಿಮ್ಮನ್ನು ತೂತು ಮಾಡಿ ಒಳಗೆ ಬಂದಿರುತ್ತದೆ, ಅಲ್ಲಿಂದ ಗಾಳಿ ಸೋರುತ್ತದೆ. ಅದಕ್ಕೇ ಟ್ಯೂಬ್ ಬೇಕು. ಟ್ಯೂಬ್‌ಲೆಸ್ ರಿಮ್ಮಿನಲ್ಲಿ ತೂತು ಇರುವುದಿಲ್ಲ, ಜೊತೆಗೆ ಟೈರಿನ ಅಂಚು ಜಾರದಂತೆ ಒಳಗೆ ಸಣ್ಣ ದಿಬ್ಬ ಇರುತ್ತದೆ. ಟೈರಿನ ಮೇಲೆ ಟ್ಯೂಬ್‌ಲೆಸ್ ಅಂತ ಬರೆದಿದ್ದ ಮಾತ್ರಕ್ಕೆ ಕಡ್ಡಿ ಚಕ್ರ ಟ್ಯೂಬ್‌ಲೆಸ್ ಆಗುವುದಿಲ್ಲ.

ಒಂದು ಬೈಕಿಗೆ ಆಯ್ಕೆ ಮಾಡಿ ನೋಡೋಣ

ಹಿಂದೆ 100/90-17 ಟೈರ್, 2.50 ಇಂಚಿನ ರಿಮ್ ಇರುವ ಬೈಕ್ ಅನ್ನಿ. ಯಜಮಾನನಿಗೆ ಸ್ವಲ್ಪ ದಪ್ಪ ಬೇಕು. ಇರುವ ವ್ಯಾಸ 611.8.

ಮೊದಲು ಕಣ್ಣಿಗೆ ಬೀಳುವುದು 130/70-17. ವ್ಯಾಸ 613.8, ಎತ್ತರದ ಮಟ್ಟಿಗೆ ಅಚ್ಚುಕಟ್ಟು. ಆದರೆ ರಿಮ್ 63.5 ಮಿ.ಮೀ., ಅಂದರೆ ಟೈರಿನ ಅಗಲದ ಅರ್ಧಕ್ಕೂ ಕಡಿಮೆ. ಅಲ್ಲಿಗೆ ಮುಗಿಯಿತು. 120/80-17 ನೋಡಿದರೆ ವ್ಯಾಸ 623.8, ಶೇಕಡಾ 2ರಷ್ಟು ಎತ್ತರ. ರಿಮ್ಮಿಗೂ ಅಂಚಿನ ಲೆಕ್ಕ, ಚೈನಿನ ಬದಿಯೂ ಅನುಮಾನ. 110/80-17ರ ವ್ಯಾಸ 607.8, ಬರೀ 4 ಮಿ.ಮೀ. ಕಡಿಮೆ, 2.50 ರಿಮ್ಮಿಗೆ ಸರಿಯಾಗಿ ಕೂರುತ್ತದೆ. ಭಾರದ ಸಂಕೇತ ಮೊದಲಿನದಕ್ಕಿಂತ ಕಡಿಮೆ ಇಲ್ಲ ಅಂತ ನೋಡಿಕೊಂಡರೆ ಇದು ಹಾಕಬಹುದಾದ ಟೈರ್. ನಿಜವಾಗಿ 130 ಬೇಕೇ ಬೇಕು ಅಂದರೆ ರಿಮ್ಮನ್ನೇ ಬದಲಿಸಬೇಕು. ಆಗ ಮಾತು ಟೈರಿನದ್ದಲ್ಲ, ಸ್ಪ್ರಾಕೆಟ್ಟಿನ ಸಾಲು, ಬ್ರೇಕು, ಸ್ವಿಂಗ್‌ಆರ್ಮು ಎಲ್ಲದರದ್ದು.

ಬೈಕ್ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಈಗ ಅದರಲ್ಲಿರುವ ಟೈರನ್ನು ನಂಬಬೇಡಿ. ಹಿಂದಿನ ಮಾಲೀಕರು ಯಾರದೋ ಮಾತಿಗೆ ಹೂಂ ಅಂದಿರಬಹುದು. ಮೂಲ ಅಳತೆ ಮ್ಯಾನುಯಲ್ಲಿನಲ್ಲಿ ಇರುತ್ತದೆ. ಎಷ್ಟೋ ಬೈಕುಗಳಲ್ಲಿ ಸ್ವಿಂಗ್‌ಆರ್ಮ್ ಅಥವಾ ಚೈನ್ ಕವರಿನ ಮೇಲಿನ ಸ್ಟಿಕ್ಕರಿನಲ್ಲೂ ಗಾಳಿಯ ಒತ್ತಡದ ಜೊತೆ ಬರೆದಿರುತ್ತದೆ.

ಹೊಸ ಟೈರ್ ಕೈಗೆ ಬಂದಾಗ ಪಕ್ಕದಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಹುಡುಕಿ. 2324 ಅಂತ ಇದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಬಾಣದ ಗುರುತು ಚಕ್ರ ತಿರುಗುವ ಕಡೆಗೇ ಇರಬೇಕು. ಕೂರಿಸಿದ ಮೇಲೆ ಚಕ್ರ ಎತ್ತಿ ಕೈಯಿಂದ ತಿರುಗಿಸಿ, ಚೈನಿಗೂ ಸ್ವಿಂಗ್‌ಆರ್ಮಿಗೂ ಎಷ್ಟು ಸಂದು ಉಳಿದಿದೆ ಅಂತ ಎರಡೂ ಬದಿ ಬಗ್ಗಿ ನೋಡಿ. ಆಮೇಲೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಂದೆರಡು ಉಬ್ಬು ದಾಟಿ, ಕಿವಿಗೊಟ್ಟು ಕೇಳಿ. ಹೊಸ ರಬ್ಬರಿನ ಮೇಲ್ಮೈ ಇನ್ನೂ ನಯವಾಗಿ ಜಾರುತ್ತಿರುತ್ತದೆ, ಮೊದಲ ನೂರು ಕಿಲೋಮೀಟರ್ ಜೋರಾಗಿ ವಾಲಿಸುವುದು, ಗಬಕ್ಕನೆ ಬ್ರೇಕ್ ಹಿಡಿಯುವುದು ಬೇಡ.